ಕೆಸರು ಮೆತ್ತಿದ ಸೈಕಲ್‌ಗೆ ಪ್ರೆಷರ್ ನೀರೋ, ಬಕೆಟ್ ನೀರೋ?

ನಾನು ಬಕೆಟ್ ಕಡೆಯವನು, ಮೊದಲೇ ಹೇಳಿಬಿಡುತ್ತೇನೆ. ಒಂದು ಮಳೆಗಾಲ ಪೂರ್ತಿ ಮೂರು ರೀತಿಯಲ್ಲಿ ಸೈಕಲ್ ತೊಳೆದು ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮೌಂಟನ್ ಬೈಕ್ ತಗೊಂಡು ಆರು ವಾರ ಆಗಿತ್ತು. ಆಷಾಢದ ಒಂದು ಭಾನುವಾರ ಗಾಜನೂರು ದಾಟಿ, ಡಾಂಬರು ಬಿಟ್ಟು, ತೋಟದ ದಾರಿಗೆ ಇಳಿದೆ. ವಾಪಸ್ ಶಿವಮೊಗ್ಗಕ್ಕೆ ಬರುವಾಗ ಸೈಕಲ್ ಯಾವ ಬಣ್ಣದ್ದು ಅಂತಲೇ ಗೊತ್ತಾಗುತ್ತಿರಲಿಲ್ಲ. ನಮ್ಮ ಕೆಮ್ಮಣ್ಣು ಹಸಿ ಇರುವಾಗ ಬೆಣ್ಣೆ, ಒಣಗಿದರೆ ಇಟ್ಟಿಗೆ. ದಾರಿಯಲ್ಲಿ ವಾಟರ್ ಸರ್ವೀಸ್ ಅಂಗಡಿ ಕಂಡಿತು. 60 ರೂಪಾಯಿಗೆ ಹತ್ತು ನಿಮಿಷದಲ್ಲಿ ಫಳಫಳ ಅನ್ನಿಸಿಕೊಟ್ಟರು. 'ಅಣ್ಣಾ, ಪೆಡಲ್ ಸಂದಿಗೂ ಹೊಡೀಲಾ?' ಅಂತ ಹುಡುಗ ಕೇಳಿದ. ಹೊಡಿ ಅಂದೆ.

ಆ ಒಂದು 'ಹೊಡಿ' ನನಗೆ ಎರಡು ತಿಂಗಳು ಕಾಟ ಕೊಟ್ಟಿತು. ನಾಲ್ಕನೇ ದಿನ ಪೆಡಲ್ ತುಳಿದಾಗಲೆಲ್ಲ ಕೆಳಗಿನಿಂದ ಕಟ್ ಅನ್ನುವ ಸದ್ದು ಶುರುವಾಯಿತು. ಪೆಡಲ್ ಬಿಗಿ ಮಾಡಿದೆ, ಹೋಗಲಿಲ್ಲ. ಸೀಟಿನ ಬೋಲ್ಟ್ ಬಿಚ್ಚಿ ಗ್ರೀಸ್ ಹಚ್ಚಿದೆ, ಆಗಲೂ ಹೋಗಲಿಲ್ಲ. ಏರಿನಲ್ಲಿ ಜೋರಾಗಿ ತುಳಿದರೆ ಸದ್ದು ಜಾಸ್ತಿ, ಇಳಿಜಾರಿನಲ್ಲಿ ಸುಮ್ನೆ ಬಿಟ್ಟರೆ ಇಲ್ಲವೇ ಇಲ್ಲ. ಕೊನೆಗೆ ಸೈಕಲ್ ರಿಪೇರಿಯವರ ಹತ್ತಿರ ಒಯ್ದೆ. ಅವರು ಚೈನ್ ಇಳಿಸಿ, ಕ್ರ್ಯಾಂಕನ್ನು, ಅಂದರೆ ಪೆಡಲ್ ಕೂರುವ ತೋಳನ್ನು, ಕೈಯಲ್ಲಿ ತಿರುಗಿಸಿದರು. ಒಳಗೆ ಮರಳು ಅರೆದ ಹಾಗೆ ಗರಗರ ಅಂತು. 'ನೀರು ಒಳಗೆ ಹೋಗಿದೆ ಮಾರಾಯ್ರೇ' ಅಂದರು. ಬಾಟಮ್ ಬ್ರಾಕೆಟ್, ಅಂದರೆ ಎರಡು ಕ್ರ್ಯಾಂಕ್ ಸೇರುವ ಜಾಗದ ಬೇರಿಂಗ್, ತುಕ್ಕು ಹಿಡಿದಿತ್ತು. ಬದಲಾಯಿಸಲು ಕೂಲಿ ಸೇರಿ 950 ರೂಪಾಯಿ ಆಯಿತು.

ಕಾರಣ ಸರಳ. ಬೇರಿಂಗ್ ಮೇಲಿರುವ ರಬ್ಬರ್ ಸೀಲ್ ಮಳೆಯನ್ನು, ಚಕ್ರ ಎರಚುವ ಕೆಸರನ್ನು ತಡೆಯುತ್ತದೆ. ಒಂದು ಗೇಣು ದೂರದಿಂದ ನುಗ್ಗುವ ನೀರನ್ನು ತಡೆಯಲು ಅದಕ್ಕೆ ಆಗುವುದಿಲ್ಲ. ಆ ನೀರು ಗ್ರೀಸನ್ನು ಕೊಚ್ಚಿಕೊಂಡು ಒಳಗೆ ಸೇರುತ್ತದೆ. ಆಮೇಲೆ ಅದೇ ಸೀಲ್ ಅದನ್ನು ಹೊರಗೆ ಬಿಡುವುದಿಲ್ಲ. ಬಿಸಿಲ ಊರಲ್ಲಾದರೆ ಸ್ವಲ್ಪವಾದರೂ ಆರೀತು. ಒಗೆದ ಬಟ್ಟೆಯೇ ಮೂರು ದಿನ ಆರದ ನಮ್ಮ ಮಲೆನಾಡಿನಲ್ಲಿ ಬೇರಿಂಗ್ ಒಳಗಿನ ನೀರು ಎಲ್ಲಿಗೆ ಹೋಗಬೇಕು? ಚಕ್ರದ ನಡುವಿನ ಹಬ್, ಹ್ಯಾಂಡಲ್ ಕೆಳಗಿನ ಬೇರಿಂಗ್ ಕಥೆಯೂ ಇದೇ. ಪ್ರೆಷರ್ ನೀರು ಹೊಡೆಸಲೇಬೇಕಾದರೆ ಟೈರಿಗೆ ಮಾತ್ರ, ಅದೂ ದೂರದಿಂದ.

ಮನೆಯ ನಲ್ಲಿ ಪೈಪು ಪರವಾಗಿಲ್ಲ. ಬಾಯಿಗೆ ಹೆಬ್ಬೆರಳು ಒತ್ತಿ ಚಿಮ್ಮಿಸದಿದ್ದರೆ ಸಾಕು.

ಇನ್ನು ಬಕೆಟ್. ಇದರ ಗುಟ್ಟು ಬ್ರಷ್‌ನಲ್ಲಿಲ್ಲ, ಸಮಯದಲ್ಲಿದೆ. ಮನೆಗೆ ಬಂದ ತಕ್ಷಣ, ಕಾಫಿಗೂ ಮುಂಚೆ, ನಾಲ್ಕು ಚೊಂಬು ನೀರು ಮೇಲಿನಿಂದ ಸುರಿಯಬೇಕು. ಹಸಿ ಕೆಸರು ಮುಕ್ಕಾಲು ಪಾಲು ತಾನೇ ಇಳಿಯುತ್ತದೆ. ಒಣಗಲು ಬಿಟ್ಟರೆ ಮಾತ್ರ ಪ್ರೆಷರ್ ನೀರಿನ ನೆನಪಾಗುವುದು. ಬಚ್ಚಲ ಹಂಡೆಯಲ್ಲಿ ಉಗುರುಬೆಚ್ಚಗಿನ ನೀರಿದ್ದರೆ ಇನ್ನೂ ಒಳ್ಳೆಯದು, ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ ಸಾಕು. ಮೊದಲು ಚೈನ್ ಮತ್ತು ಗೇರ್ ಚಕ್ರ, ಹಳೇ ಟೂತ್‌ಬ್ರಷ್‌ನಿಂದ. ಆ ಕಪ್ಪು ನೀರು ಇಳಿದ ಮೇಲೆ ಬೇರೆ ಬಟ್ಟೆಯಲ್ಲಿ ಉಳಿದದ್ದು. ಚೈನ್ ಉಜ್ಜಿದ ಬಟ್ಟೆಯನ್ನು ಬ್ರೇಕ್ ಡಿಸ್ಕ್ ಹತ್ತಿರವೂ ತರಬೇಡಿ. ಎಣ್ಣೆ ತಾಗಿದರೆ ಬ್ರೇಕ್ ಕಿರುಚುತ್ತದೆ, ಹಿಡಿಯುವುದೂ ಇಲ್ಲ.

ತೊಳೆದಾದ ಮೇಲೆ ಸೈಕಲ್ ಎತ್ತಿ ನೆಲಕ್ಕೆ ನಾಲ್ಕು ಸಲ ಕುಟ್ಟಿ. ಸಂದಿಯ ನೀರು ಉದುರುತ್ತದೆ. ಜಡಿಮಳೆಯಲ್ಲಿ ಓಡಿಸಿದ್ದರೆ ಸೀಟಿನ ಕಂಬಿ ತೆಗೆದು ಸೈಕಲ್ ತಲೆಕೆಳಗು ಮಾಡಿ ನೋಡಿ. ನನಗೆ ಒಮ್ಮೆ ಅರ್ಧ ಲೋಟ ನೀರು ಸಿಕ್ಕಿತ್ತು. ಎಲ್ಲ ಸೇರಿ ಅರ್ಧ ಗಂಟೆ ಬೇಕು. ದಿನಾ ಓಡಿಸುವವರಿಗೆ ಇದು ಜಾಸ್ತಿ ಅನ್ನಿಸಬಹುದು. ನಾನು ಭಾನುವಾರ ಮಾತ್ರ ಹೋಗುವವನು, ನನಗೆ ಆಗುತ್ತದೆ. ಅಮ್ಮನ ಒಂದೇ ತಕರಾರು, 'ಅಂಗಳ ಎಲ್ಲ ಕೆಂಪು ಮಾಡ್ಬೇಡ, ತೆಂಗಿನ ಬುಡಕ್ಕೆ ಹೋಗು' ಅಂತ. ಈಗ ಅಲ್ಲೇ ತೊಳೆಯುತ್ತೇನೆ.

ಚೈನ್ ಎಣ್ಣೆಯಲ್ಲೂ ಎರಡು ತರ ಬಳಸಿ ನೋಡಿದೆ. ಡ್ರೈ ಲೂಬ್ ಒಣಗಿ ತೆಳು ಪದರ ಬಿಡುತ್ತದೆ, ಧೂಳು ಅಂಟುವುದು ಕಡಿಮೆ. ಆದರೆ ಇಲ್ಲಿನ ಮಳೆಗೆ ಒಂದೇ ಸವಾರಿ. ಮಾರನೇ ಬೆಳಿಗ್ಗೆ ಚೈನ್ ಕಂದು ಬಣ್ಣಕ್ಕೆ ತಿರುಗಿತ್ತು. ವೆಟ್ ಲೂಬ್ ಜಿಗುಟು, ಮಳೆಗೆ ಬೇಗ ಜಗ್ಗುವುದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ನನ್ನ ಆಯ್ಕೆ ಅದೇ. ಒಂದೊಂದು ಕೊಂಡಿಗೂ ಒಂದು ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆ ಪೂರ್ತಿ ಒರೆಸಬೇಕು. ಒರೆಸದಿದ್ದರೆ ಕೆಮ್ಮಣ್ಣು ಸೇರಿ ಮಸಾಲೆ ಅರೆದ ಹಾಗೆ ಚೈನನ್ನು ಅರೆಯುತ್ತದೆ. ಕೆಳಗೆ ಅಡಿಕೆ ಹಾಳೆ ಇಟ್ಟರೆ ನೆಲಕ್ಕೆ ಕಲೆ ಇಲ್ಲ. ಬೈಕಿನಿಂದ ತೆಗೆದ ಹಳೇ ಇಂಜಿನ್ ಆಯಿಲ್ ಬೇಡವೇ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ.

ಚೈನ್ ಸವೆದಿದೆಯಾ ಅಂತ ನೋಡಲು ಶಾಲೆಯ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನ ಮಧ್ಯದಿಂದ ಮುಂದೆ 24ನೇ ಪಿನ್ನಿನ ಮಧ್ಯಕ್ಕೆ ಸರಿಯಾಗಿ 12 ಇಂಚು. 1/16 ಇಂಚು ಜಾಸ್ತಿ ಬಂದರೆ ಹೊಸ ಚೈನಿಗೆ ದುಡ್ಡು ಎತ್ತಿಡಿ. ತಡ ಮಾಡಿದರೆ ಅದು ಹಿಂದಿನ ಗೇರ್ ಹಲ್ಲುಗಳನ್ನೂ ತಿನ್ನುತ್ತದೆ. ಹೋದ ವಾರ ನನ್ನದು ಅಳೆದೆ, 12ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಇದೆ. ಈ ಮಳೆಗಾಲ ದಾಟುತ್ತದೆ.