ಜಿಟಿಓ, ಜಿ8, ಎಸ್‌ಎಸ್: ಎಡಗಡೆ ಸ್ಟೀರಿಂಗಿನ ಹೋಲ್ಡನ್‌ಗಳಲ್ಲಿ ಯಾವುದು?

ಅಮೆರಿಕದಲ್ಲಿದ್ದುಕೊಂಡು ಆಸ್ಟ್ರೇಲಿಯಾದ ವಿ8 (ಎಂಟು ಸಿಲಿಂಡರ್ ಎಂಜಿನ್ನಿನ) ಕಾರು ಬೇಕೆನ್ನುವವರು ಹಡಗಿನಲ್ಲಿ ತರಿಸುವ ರಗಳೆಗೆ ಬೀಳಬೇಕಿಲ್ಲ. ಆಸ್ಟ್ರೇಲಿಯಾದ ಹೋಲ್ಡನ್ ಕಂಪನಿಯೇ ಎಡಗಡೆ ಸ್ಟೀರಿಂಗ್ ಇಟ್ಟು, ಬೇರೆ ಹೆಸರಿನಲ್ಲಿ ಅಲ್ಲಿಗೆ ಕಳಿಸಿದ ಮೂರು ಕಾರುಗಳಿವೆ: ಪಾಂಟಿಯಾಕ್ ಜಿಟಿಓ (2004–06), ಪಾಂಟಿಯಾಕ್ ಜಿ8 (2008–09), ಷೆವರ್ಲೆ ಎಸ್‌ಎಸ್ (2014–17). ಮೊದಲನೆಯದು ಅಸಲಿಗೆ ಹೋಲ್ಡನ್‌ನ ಮೊನಾರೊ ಎಂಬ ಎರಡು ಬಾಗಿಲಿನ ಕಾರು, ಉಳಿದೆರಡು ಕಮಡೋರ್ ಎಂಬ ನಾಲ್ಕು ಬಾಗಿಲಿನ ಸೆಡಾನ್. ಅಮೆರಿಕದ ಎಂಜಿನ್ನಿಗೆ ಆಸ್ಟ್ರೇಲಿಯಾದ ಉದ್ದನೆಯ ಕೆಟ್ಟ ರಸ್ತೆಗಳಿಗೆ ಹದಗೊಂಡ ಚಾಸಿ ಸೇರಿರುವುದೇ ಇವುಗಳ ಸೆಳೆತ.

ಜಿಟಿಓ ತೆಗೆದುಕೊಳ್ಳುವುದಾದರೆ 2005 ಅಥವಾ 2006ರದ್ದೇ ಇರಲಿ. 2004ರಲ್ಲಿ 5.7 ಲೀಟರಿನ ಎಲ್‌ಎಸ್1 ಎಂಜಿನ್, 350 ಅಶ್ವಶಕ್ತಿ. ಮರುವರ್ಷದಿಂದ 6 ಲೀಟರಿನ ಎಲ್‌ಎಸ್2, 400 ಅಶ್ವಶಕ್ತಿ, ಬ್ರೇಕೂ ದೊಡ್ಡವು. ಸೀಟುಗಳು ಇವತ್ತಿಗೂ ಅದ್ಭುತ. ಗೇರ್ ಲಿವರ್ ಮಾತ್ರ ರಬ್ಬರಿನಂತೆ ಬಾಗುತ್ತದೆ, ಡಿಕ್ಕಿಯಲ್ಲಿ ಪೆಟ್ರೋಲ್ ಟ್ಯಾಂಕ್ ಕೂತಿರುವುದರಿಂದ ಸಾಮಾನಿಗೆ ಜಾಗ ಕಡಿಮೆ. ಕೊಳ್ಳುವ ಮುಂಚೆ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಮುಂದಿನ ಟೈರಿನ ಒಳಮೈಗೆ ಟಾರ್ಚ್ ಬಿಡಿ. ರಬ್ಬರಿನ ಮೇಲೆ ಸುತ್ತಲೂ ಸವೆದ ಗೆರೆ, ಎದುರಿನ ಸ್ಟ್ರಟ್ (ಸಸ್ಪೆನ್ಷನ್ನಿನ ಕಂಬ) ಮೇಲೆ ಹೊಳೆಯುವ ಪಟ್ಟಿ ಕಂಡರೆ ಎರಡೂ ಉಜ್ಜುತ್ತಿವೆ ಎಂದರ್ಥ. ಟೈರು ದಾರಿಯಲ್ಲೇ ಒಡೆಯಬಹುದು. ಚಕ್ರ ಹಿಂದೆಮುಂದೆ ಸರಿಯದಂತೆ ಹಿಡಿಯುವ ರೇಡಿಯಸ್ ರಾಡಿನ ಬುಷ್ (ರಬ್ಬರ್ ಮೆತ್ತೆ) ಒಳಗಿನ ದ್ರವ ಸೋರಿ ಅದು ಸಡಿಲಾಗುವುದು ಇದಕ್ಕೆ ಮುಖ್ಯ ಕಾರಣ. ಬುಷ್ ಬದಲಿಸಿ, 245ರ ಬದಲು 235 ಮಿ.ಮೀ. ಅಗಲದ ಟೈರು ಹಾಕಿಸಿ.

ಓಡಿಸುವ ಖುಷಿಗೆ ಜಿ8ರ ಹೈಡ್ರಾಲಿಕ್ ಸ್ಟೀರಿಂಗೇ ಮೇಲು. ರಸ್ತೆ ಕೈಗೆ ತಿಳಿಯುತ್ತದೆ. ಆದರೆ ಜಿಟಿ ಮಾದರಿಯ 6 ಲೀಟರ್ ಎಂಜಿನ್ ಹಗುರ ಓಟದಲ್ಲಿ ನಾಲ್ಕು ಸಿಲಿಂಡರ್ ನಿಲ್ಲಿಸುವಂಥದ್ದು, ಕಾಟ ಅಲ್ಲೇ. ವಾಲ್ವ್‌ಗಳನ್ನು ತೆರೆಯಿಸುವ 16 ಲಿಫ್ಟರ್‌ಗಳಲ್ಲಿ 8 ಈ ಕೆಲಸಕ್ಕೆಂದೇ ಇರುವ ವಿಶೇಷ ಲಿಫ್ಟರ್‌ಗಳು. ಒಂದು ಕುಸಿದರೂ ಅವನ್ನು ತಳ್ಳುವ ಕ್ಯಾಮ್‌ಶಾಫ್ಟ್ ಸವೆಯುತ್ತದೆ. ತಣ್ಣಗಿರುವ ಎಂಜಿನ್ ಚಾಲೂ ಮಾಡಿದಾಗ ಕೆಲವು ಸೆಕೆಂಡ್ ಟಿಕ್ ಟಿಕ್ ಎಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಸದ್ದು ನಿಲ್ಲದೆ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಸೇರಿಕೊಂಡರೆ ಆ ಗಾಡಿ ಬಿಟ್ಟುಬಿಡಿ. ಲಿಫ್ಟರ್ ತೆಗೆಯಲು ಎರಡೂ ಸಿಲಿಂಡರ್ ಹೆಡ್ ಬಿಚ್ಚಬೇಕು, ಹೊಸ ಗ್ಯಾಸ್ಕೆಟ್ ಬೇಕು, ಹಳೆಯ ಹೆಡ್ ಬೋಲ್ಟ್ ಮತ್ತೆ ಹಾಕುವಂತಿಲ್ಲ. ಜಿಎಕ್ಸ್‌ಪಿ ಮಾದರಿಯ 6.2 ಲೀಟರ್ ಎಲ್‌ಎಸ್3ಗೆ ಈ ಗೋಳಿಲ್ಲ, ಮ್ಯಾನುಯಲ್ ಗೇರೂ ಸಿಗುತ್ತದೆ. ಆದರೆ ಅವು ಎರಡು ಸಾವಿರವೂ ತಯಾರಾಗಲಿಲ್ಲ.

ದುಡ್ಡು ಹೊಂದುವುದಾದರೆ ನಮ್ಮ ಆಯ್ಕೆ ಎಸ್‌ಎಸ್, ಅದರಲ್ಲೂ 2015 ಮತ್ತು ನಂತರದ ಮ್ಯಾನುಯಲ್. ಅದೇ ಎಲ್‌ಎಸ್3, 415 ಅಶ್ವಶಕ್ತಿ. ಸ್ಟೀರಿಂಗ್ ವಿದ್ಯುತ್ತಿನದಾದರೂ ಕಾರು ಮೂರರಲ್ಲೂ ಹೆಚ್ಚು ನೆಮ್ಮದಿ. ಮ್ಯಾಗ್ನೆಟಿಕ್ ಶಾಕ್ ಅಬ್ಸಾರ್ಬರ್‌ಗಳ ಮೇಲೆ ಎಣ್ಣೆಯ ಜಿಡ್ಡು ಇದೆಯೇ ನೋಡಿ, ಬದಲಿಸುವುದು ದುಬಾರಿ.

ಮೂರಕ್ಕೂ ಚಕ್ರದ ಬೋಲ್ಟ್ ಅಳತೆ 5×120, ಅಂದರೆ 120 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟ್. ಜಿ8, ಎಸ್‌ಎಸ್‌ಗೆ ಐದನೇ ತಲೆಮಾರಿನ ಷೆವರ್ಲೆ ಕಮಾರೊ ಹತ್ತಿರದ ನೆಂಟ, ಸಸ್ಪೆನ್ಷನ್ನಿನ ಹಲವು ಬಿಡಿಭಾಗ ಅಲ್ಲಿಂದ ಸಿಗುತ್ತವೆ. ಬಾಗಿಲು ಆಸ್ಟ್ರೇಲಿಯಾದಿಂದ ತರಿಸಬಹುದು, ಹೆಡ್‌ಲೈಟ್ ಬೇಡ. ಅಲ್ಲಿ ವಾಹನ ಎಡಕ್ಕೆ ಓಡುವುದರಿಂದ ಬೆಳಕು ಎಡಕ್ಕೆ ಚಾಚುತ್ತದೆ. ಅಮೆರಿಕದ ರಸ್ತೆಯಲ್ಲಿ ಅದು ನೇರ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.