ನಮ್ಮ ಹಾರ್ಡ್‌ವೇರ್ ಮಳಿಗೆಯ ಡ್ಯೂಟಿ ಚಾರ್ಟ್: ಒಂದು ವರ್ಷ ಕಂಡ ಮೇಲೆ

ಬೆಂಗಳೂರಿನ ಪಶ್ಚಿಮ ಭಾಗದ ಮೂರಂತಸ್ತಿನ ಹಾರ್ಡ್‌ವೇರ್ ಮಳಿಗೆಯೊಂದರ ಪೈಪು ಮತ್ತು ಫಿಟ್ಟಿಂಗ್ಸ್ ಕೌಂಟರಿನಲ್ಲಿ ನಾನು ಏಳು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಇಂಥ ಮಳಿಗೆಗಳ ಬಗ್ಗೆ ಗಿರಾಕಿಗಳು ಬರೆಯುವಾಗ ಬೆಲೆ, ದಾಸ್ತಾನು, ವಾಹನ ನಿಲ್ಲಿಸುವ ಜಾಗ ಇವುಗಳನ್ನು ಹೇಳುತ್ತಾರೆ. ಕೆಲಸಕ್ಕೆ ಸೇರಲು ಬರುವವರು ಸಂಬಳ ಎಷ್ಟೆಂದು ಕೇಳುತ್ತಾರೆ. ಸಂಬಳದಷ್ಟೇ ನಮ್ಮ ದಿನಗಳನ್ನು ಆಳುವುದು ಡ್ಯೂಟಿ ಚಾರ್ಟ್. ಯಾರು ಬಾಗಿಲು ತೆಗೆಯುವ ಪಾಳಿಗೆ ಬರಬೇಕು, ಯಾರು ಬಾಗಿಲು ಹಾಕುವವರೆಗೆ ಇರಬೇಕು, ಭಾನುವಾರದ ರಜೆ ಯಾರಿಗೆ ಎಂಬುದನ್ನೆಲ್ಲ ತೀರ್ಮಾನಿಸುವ ಆ ಒಂದು ಹಾಳೆ ನಮ್ಮಲ್ಲಿ ಹೊಸ ರೂಪದಲ್ಲಿ ಬಂದು ವರ್ಷವಾಯಿತು. ಹೊಸದಾಗಿ ಸೇರುವವರಿಗೂ ಬೇರೆ ಮಳಿಗೆಗಳ ಮಾಲೀಕರಿಗೂ ಉಪಯೋಗವಾಗಲೆಂದು ಅದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿನ ಪದ್ಧತಿ ಹೀಗಿತ್ತು. ರಾತ್ರಿ ಒಂಬತ್ತರ ಮೇಲೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮರುದಿನದ ಹೆಸರುಗಳು ಬರುತ್ತಿದ್ದವು. ಮ್ಯಾನೇಜರು ಕೆಟ್ಟವರಲ್ಲ, ಆದರೆ ಅವರ ನೆನಪಿನಲ್ಲಿದ್ದ ಲೆಕ್ಕವೇ ಎಲ್ಲರ ಲೆಕ್ಕವಾಗಿತ್ತು. ಕೇಳಲು ಸಂಕೋಚಪಡುವವರಿಗೆ ತಿಂಗಳುಗಟ್ಟಲೆ ಭಾನುವಾರದ ರಜೆ ಸಿಗುತ್ತಿರಲಿಲ್ಲ, ಜಗಳವಾಡುವವರಿಗೆ ಸಿಗುತ್ತಿತ್ತು. ನನ್ನ ತಂಗಿಯ ಸೀಮಂತಕ್ಕೆ ಬರುತ್ತೇನೋ ಇಲ್ಲವೋ ಎಂದು ಹಿಂದಿನ ರಾತ್ರಿಯವರೆಗೂ ಮನೆಯವರಿಗೆ ಹೇಳಲು ನನ್ನಿಂದ ಆಗಲಿಲ್ಲ, ಕೊನೆಗೆ ಹೋಗಲೂ ಆಗಲಿಲ್ಲ. ಆ ನೋವು ಈಗಲೂ ಇದೆ.

ಹೊರಗಿನವರಿಗೆ ಒಂದು ಪಾಳಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಎಂಟು ಗಂಟೆ ಕೆಲಸ, ಒಂದು ಗಂಟೆ ಊಟ ಮತ್ತು ವಿಶ್ರಾಂತಿ. ಆದರೆ ನಮ್ಮ ವ್ಯಾಪಾರದಲ್ಲಿ ಬೆಳಗಿನ ಎಂಟರಿಂದ ಹತ್ತರವರೆಗಿನ ಹೊತ್ತು ಪ್ಲಂಬರ್‌ಗಳದ್ದು, ಗಾರೆ ಕೆಲಸದವರದ್ದು, ಕಬ್ಬಿಣದ ಸರಳು ಬಗ್ಗಿಸುವ ಬಾರ್ ಬೆಂಡಿಂಗ್ ಮಾಡುವವರದ್ದು. ಅವರು ಆ ದಿನದ ಕೆಲಸಕ್ಕೆ ಬೇಕಾದ ಎಲ್ಬೋ, ಟೀ ಎಂಬ ಪೈಪು ಜೋಡಿಸುವ ತುಂಡುಗಳು, ಅವನ್ನು ಅಂಟಿಸುವ ಸಾಲ್ವೆಂಟ್, ಸರಳು ಕಟ್ಟುವ ಬೈಂಡಿಂಗ್ ವೈರ್, ಮೊಳೆಗಳನ್ನು ಒಟ್ಟಿಗೆ ಕೇಳುತ್ತಾರೆ, ಸೈಟಿನಲ್ಲಿ ಆಳುಗಳು ಕಾಯುತ್ತಿರುವುದರಿಂದ ಒಂದು ನಿಮಿಷವೂ ತಡೆಯುವುದಿಲ್ಲ. ಸಂಜೆ ಆರರ ಮೇಲೆ ಮನೆ ಕಟ್ಟಿಸುವವರು ಕುಟುಂಬ ಸಮೇತ ಬಂದು ನಲ್ಲಿ, ವಾಶ್ ಬೇಸಿನ್, ಬಣ್ಣ ಆರಿಸುತ್ತಾರೆ; ಒಂದೊಂದು ಬಿಲ್ಲೂ ದೊಡ್ಡದು, ಆದರೆ ಒಬ್ಬೊಬ್ಬರೊಂದಿಗೆ ಒಂದು ಗಂಟೆ ನಿಲ್ಲಬೇಕು. ಆಷಾಢದಲ್ಲಿ ಗೃಹಪ್ರವೇಶಗಳಿಲ್ಲದ್ದರಿಂದ ಸಂಜೆಯ ಪಾಳಿ ಹಗುರ, ದಸರಾ ದೀಪಾವಳಿಯ ಮುಂಚೆ ಬಣ್ಣದ ಕೌಂಟರಿನವರಿಗೆ ನೀರು ಕುಡಿಯಲೂ ಪುರಸೊತ್ತಿಲ್ಲ. ಎಲ್ಲರಿಗೂ ವಾರಕ್ಕೆ 48 ಗಂಟೆ ಎಂದು ಸಮನಾಗಿ ಹಂಚಿದ ಮಾತ್ರಕ್ಕೆ ಹಂಚಿಕೆ ನ್ಯಾಯವಾಗುವುದಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಹೊಸ ಚಾರ್ಟ್ ಪ್ರತಿ ತಿಂಗಳ 25ರಂದು ಬಿಲ್ಲಿಂಗ್ ಕೌಂಟರಿನ ಹಿಂದಿನ ಗೋಡೆಗೆ ಬೀಳುತ್ತದೆ, ಮುಂದಿನ ಇಡೀ ತಿಂಗಳಿಗೆ. ನಾವು ಒಟ್ಟು 22 ಮಂದಿ. ಪ್ರತಿ ಭಾನುವಾರ 6 ಮಂದಿಗೆ ವಾರದ ರಜೆ ಕೊಡುವುದರಿಂದ ನಾಲ್ಕು ಭಾನುವಾರಗಳಲ್ಲಿ ಎಲ್ಲರಿಗೂ ತಲಾ ಒಂದಾದರೂ ದಕ್ಕುತ್ತದೆ. ಇಬ್ಬರು ತಮ್ಮೊಳಗೆ ಪಾಳಿ ಬದಲಿಸಿಕೊಳ್ಳಬೇಕಾದರೆ ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕಿದರೆ ಸಾಕು, ಮ್ಯಾನೇಜರನ್ನು ಬೇಡಿಕೊಳ್ಳಬೇಕಿಲ್ಲ. ಬಣ್ಣ ಮಿಶ್ರಣದ ಯಂತ್ರ ನೋಡಿಕೊಳ್ಳುವ ನಮ್ಮ ಸಹೋದ್ಯೋಗಿಯೊಬ್ಬರು ಶುಕ್ರವಾರದ ಮಧ್ಯಾಹ್ನದ ನಮಾಜಿಗೆ ಹೋಗಲು ಪಾಳಿ ಬದಲಿಸಿಕೊಂಡು, ಅದರ ಬದಲಿಗೆ ನನ್ನ ಭಾನುವಾರದ ಬೆಳಗನ್ನು ತಾವು ವಹಿಸಿಕೊಂಡರು. ಮೊದಲಾಗಿದ್ದರೆ ಇಬ್ಬರೂ ಉಪಕಾರ ಕೇಳಿದವರಾಗುತ್ತಿದ್ದೆವು.

ಚಾರ್ಟಿನ ಅತಿ ಕಷ್ಟದ ಭಾಗ ಬಿಲ್ಲಿಂಗ್‌ನಲ್ಲಿರುವ ಏಳು ಹೆಣ್ಣುಮಕ್ಕಳ ಪಾಳಿ. ಮಹಿಳೆಯರನ್ನು ರಾತ್ರಿ ಎಂಟರ ಮೇಲೆ ದುಡಿಸಲು ಅವರ ಲಿಖಿತ ಒಪ್ಪಿಗೆ ಬೇಕು, ಮನೆಗೆ ಬಿಡುವ ವಾಹನದ ವ್ಯವಸ್ಥೆಯೂ ಬೇಕು. ನಮ್ಮ ಮಳಿಗೆಯಲ್ಲಿ ಆ ವ್ಯವಸ್ಥೆ ಇಲ್ಲ, ಹಾಗಾಗಿ ಅವರು ಎಂಟಕ್ಕೆ ಹೊರಡಲೇಬೇಕು. ಇದು ಅವರ ಸುರಕ್ಷತೆಯ ಮಾತು, ಇದರಲ್ಲಿ ಚೌಕಾಸಿ ಇಲ್ಲ. ಆದರೆ ಇದರ ಪರಿಣಾಮವಾಗಿ ಬಾಗಿಲು ಹಾಕುವ ಪಾಳಿಯೆಲ್ಲ 15 ಮಂದಿ ಗಂಡಸರ ಮೇಲೆ ಬಿತ್ತು, ಅದನ್ನು ಸರಿದೂಗಿಸಲೆಂದು ಮೊದಲ ನಾಲ್ಕು ತಿಂಗಳು ಬೆಳಗಿನ ಎಂಟರ ಪಾಳಿಯನ್ನು ಹೆಚ್ಚಾಗಿ ಹೆಣ್ಣುಮಕ್ಕಳಿಗೇ ಹಾಕಿದರು. ಲೆಕ್ಕದಲ್ಲಿ ಅದು ಸರಿಯೆಂದು ಕಂಡಿತು. ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳ ಡಬ್ಬಿ ಕಟ್ಟಿ, ಎರಡು ಬಸ್ಸು ಬದಲಿಸಿ ಎಂಟಕ್ಕೆ ಕೌಂಟರಿನಲ್ಲಿ ಕೂರುವ ಅಕ್ಕನೊಬ್ಬರು ತಿಂಗಳ ಸಭೆಯಲ್ಲಿ ಅದನ್ನು ಬಿಡಿಸಿ ಹೇಳಿದಾಗಲೇ ನಮ್ಮಂಥವರಿಗೆ ಅದರ ಭಾರ ತಿಳಿದದ್ದು. ಈಗ ಹನ್ನೊಂದರಿಂದ ಎಂಟರವರೆಗಿನ ನಡುವಿನ ಪಾಳಿಯೊಂದನ್ನು ಸೇರಿಸಿ, ಏಳು ಮಂದಿಯೂ ವಾರ ಬಿಟ್ಟು ವಾರ ಬೆಳಗಿನ ಪಾಳಿಗೆ ಬರುವಂತೆ ಮಾಡಿದ್ದಾರೆ. ಈ ತಿದ್ದುಪಡಿಯನ್ನು ಇಡೀ ಚಾರ್ಟಿನ ಅತ್ಯುತ್ತಮ ಅಂಶವೆಂದು ನಾನು ಎಣಿಸುತ್ತೇನೆ, ಏಕೆಂದರೆ ಅದು ಕೆಲಸ ಮಾಡುವವರ ಬಾಯಿಂದ ಬಂದದ್ದು.

ದೋಷಗಳೂ ಸಣ್ಣವಲ್ಲ. ಬೆಂಗಳೂರಿನಲ್ಲಿ ಭಾರಿ ವಾಹನಗಳಿಗೆ ಹಗಲಿನ ದಟ್ಟಣೆಯ ಹೊತ್ತಿನಲ್ಲಿ ನಿರ್ಬಂಧವಿರುವುದರಿಂದ ಸಿಮೆಂಟು, ಪುಟ್ಟಿ, ಬಣ್ಣದ ಲಾರಿಗಳು ನಮ್ಮಲ್ಲಿಗೆ ರಾತ್ರಿ ಒಂಬತ್ತರ ಮೇಲೆ ಬರುತ್ತವೆ. ಹಮಾಲರು ಇಬ್ಬರೇ ಇರುವಾಗ 50 ಕೆ.ಜಿ.ಯ ಸಿಮೆಂಟು ಚೀಲಗಳನ್ನೂ 20 ಲೀಟರಿನ ಬಣ್ಣದ ಬಕೆಟ್‌ಗಳನ್ನೂ ಇಳಿಸಿ ಗೋಡೌನಿಗೆ ಸೇರಿಸುವುದು ಬಾಗಿಲು ಹಾಕುವ ಪಾಳಿಯವರ ಕೆಲಸವಾಗುತ್ತದೆ, ಹತ್ತೂವರೆಯಾಗುತ್ತದೆ. ಲಾರಿ ಬರುವ ದಿನ ಚಾರ್ಟಿನಲ್ಲಿ ಇಲ್ಲ. ಅದರಿಂದ ಯಾರ ಪಾಲಿಗೆ ಎಷ್ಟು ಲಾರಿ ಬಂತೆಂಬ ಲೆಕ್ಕವೂ ಎಲ್ಲೂ ಇಲ್ಲ. ಅದೇ ಮನುಷ್ಯ ಮರುದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯಲು ಬರಬೇಕಾದ ದಿನಗಳನ್ನು ನಾನು ಈ ವರ್ಷ ನನ್ನ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ: ನನ್ನದೇ ಒಂಬತ್ತು. ಹತ್ತೂವರೆಗೆ ಹೊರಟು ಎಂಟಕ್ಕೆ ಬರುವುದೆಂದರೆ ನಡುವೆ ಒಂಬತ್ತೂವರೆ ಗಂಟೆ, ಅದರಲ್ಲಿ ಎರಡು ಗಂಟೆ ಬಸ್ಸಿಗೆ ಹೋಗುತ್ತದೆ.

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯನ್ನು ಹಾಕಿ, ಅದರ ಮೇಲಿನ ದುಡಿಮೆಗೆ ಎರಡರಷ್ಟು ಕೂಲಿಯನ್ನೂ ವಾರಕ್ಕೊಂದು ರಜೆಯನ್ನೂ ನಮ್ಮ ಹಕ್ಕಾಗಿಸಿದೆ. ನಮ್ಮ ಮಳಿಗೆ ಓಟಿ ಹಣವನ್ನು ತಪ್ಪದೆ ಕೊಡುತ್ತದೆ, ಅದನ್ನು ಹೇಳಲೇಬೇಕು. ಆದರೆ ಒಳ್ಳೆಯ ಪಾಳಿ ಯಾರಿಗೆ, ಕೆಟ್ಟ ಪಾಳಿ ಯಾರಿಗೆ ಎಂಬುದನ್ನು ಕಾಯ್ದೆ ಹಂಚಿಕೊಡುವುದಿಲ್ಲ. ಅದು ಮಾಲೀಕರ ಮನಸ್ಸಿಗೆ ಬಿಟ್ಟದ್ದು. ಅಮೆರಿಕದ ಸಿಯಾಟಲ್ ನಗರವು 2017ರಿಂದ ದೊಡ್ಡ ಚಿಲ್ಲರೆ ಮಳಿಗೆಗಳು 14 ದಿನ ಮುಂಚೆ ಪಾಳಿ ತಿಳಿಸಬೇಕೆಂದೂ, ಎರಡು ಪಾಳಿಗಳ ನಡುವೆ 10 ಗಂಟೆಯ ಬಿಡುವಿಲ್ಲದಿದ್ದರೆ ನೌಕರರ ಒಪ್ಪಿಗೆ ಪಡೆದು ಹೆಚ್ಚಿನ ಕೂಲಿ ಕೊಡಬೇಕೆಂದೂ ನಿಯಮ ಮಾಡಿದೆ. ಮುಂಚೆ ತಿಳಿಸುವ ವಿಷಯದಲ್ಲಿ ನಮ್ಮ ಗೋಡೆಯ ಹಾಳೆ ಅದರ ಸಮೀಪಕ್ಕೆ ಬಂದಿದೆ, ಬಿಡುವಿನ ವಿಷಯದಲ್ಲಿ ಬಂದಿಲ್ಲ.

ಇನ್ನೊಂದು ಮಾತು ಇನ್ಸೆಂಟಿವ್‌ನದು. ಎರಡನೇ ಮಹಡಿಯ ಸ್ಯಾನಿಟರಿ ವಿಭಾಗದಲ್ಲಿ ಮಾರಾಟದ ಮೇಲೆ ಇನ್ಸೆಂಟಿವ್ ಇದೆ, ದೊಡ್ಡ ಬಿಲ್ಲುಗಳೆಲ್ಲ ಸಂಜೆಯವು. ಬೆಳಗಿನ ಪಾಳಿಯಲ್ಲಿ ಅರ್ಧ ಗಂಟೆ ನಿಂತು ಕ್ಯಾಟಲಾಗ್ ತೋರಿಸಿದವನ ಗಿರಾಕಿ ಸಂಜೆ ಮನೆಯವರನ್ನು ಕರೆತಂದು ಖರೀದಿಸಿದರೆ ಹಣ ಸಂಜೆಯವನಿಗೆ ಹೋಗುತ್ತದೆ. ಇದಕ್ಕೆ ಇಡೀ ಮಹಡಿಯ ಇನ್ಸೆಂಟಿವನ್ನು ಒಟ್ಟುಗೂಡಿಸಿ ಹಂಚುವುದೇ ದಾರಿಯೆಂದು ನನ್ನ ಅಭಿಪ್ರಾಯ.

ಐದರಲ್ಲಿ ನಾನು ಈ ಚಾರ್ಟಿಗೆ ಮೂರೂವರೆ ಅಂಕ ಕೊಡುತ್ತೇನೆ. ಹೊಸದಾಗಿ ಸೇರುವವರು ಹಿಂಜರಿಯದೆ ಸೇರಬಹುದು, ಆದರೆ ಸಂದರ್ಶನದ ದಿನವೇ ಲಾರಿ ಇಳಿಸುವುದು ಯಾರ ಕೆಲಸವೆಂದು ಕೇಳಿಕೊಳ್ಳಲಿ. ಲಾರಿಯ ದಿನಗಳಿಗೆ ಪ್ರತ್ಯೇಕ ಸಾಲು ಹಾಕಿ, ಆ ರಾತ್ರಿ ಇದ್ದವರಿಗೆ ಮರುದಿನ ಮಧ್ಯಾಹ್ನದ ಪಾಳಿ ಕೊಡಬೇಕೆಂದು ನಾವು 11 ಮಂದಿ ಸಹಿ ಮಾಡಿ ಕೊಟ್ಟಿದ್ದೇವೆ. ಮುಂದಿನ ತಿಂಗಳ ಚಾರ್ಟಿನಲ್ಲಿ ಸೇರಿಸುವುದಾಗಿ ಮ್ಯಾನೇಜರು ಹೇಳಿದ್ದಾರೆ. 25ರಂದು ಗೋಡೆಯ ಮೇಲೆ ಆ ಸಾಲು ಕಂಡರೆ ಉಳಿದ ಅರ್ಧ ಅಂಕವನ್ನೂ ಸೇರಿಸಿ ನಾಲ್ಕು ಮಾಡುತ್ತೇನೆ.