ತುಮಕೂರೋ ಧಾರವಾಡವೋ: ಎರಡು ಕೈಗಾರಿಕಾ ಕಾರಿಡಾರ್‌ಗಳ ಹೋಲಿಕೆ

ಕರ್ನಾಟಕದಲ್ಲಿ ಹೊಸ ಘಟಕ ಸ್ಥಾಪಿಸಲು ಜಾಗ ಹುಡುಕುವ ಉದ್ಯಮಿಯ ಮುಂದೆ ಎರಡು ಕೈಗಾರಿಕಾ ಕಾರಿಡಾರ್‌ಗಳಿವೆ (ದೊಡ್ಡ ನಗರಗಳ ನಡುವಿನ ಸಾರಿಗೆ ಮಾರ್ಗದುದ್ದಕ್ಕೂ ಉದ್ಯಮಗಳಿಗಾಗಿ ರೂಪಿಸುವ ವಲಯಗಳು): ತುಮಕೂರನ್ನು ಒಳಗೊಂಡ ಚೆನ್ನೈ–ಬೆಂಗಳೂರು ಕಾರಿಡಾರ್ ಮತ್ತು ಧಾರವಾಡವನ್ನು ಒಳಗೊಂಡ ಬೆಂಗಳೂರು–ಮುಂಬೈ ಕಾರಿಡಾರ್. ಎರಡೂ ಊರುಗಳು ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ ಇರುವುದರಿಂದ ರಸ್ತೆ ಸಂಪರ್ಕವೊಂದನ್ನೇ ನೋಡಿ ನಿರ್ಧರಿಸಲಾಗದು.

ತುಮಕೂರಿನ ಬಲವೆಂದರೆ ಸುಮಾರು 70 ಕಿ.ಮೀ. ದೂರದ ಬೆಂಗಳೂರು. ಜಪಾನ್ ಸರ್ಕಾರದ ಅಭಿವೃದ್ಧಿ ಸಹಕಾರ ಸಂಸ್ಥೆಯಾದ ಜೈಕಾದ ನೆರವಿನ ಯೋಜನೆಯಂತೆ ರೂಪುಗೊಂಡ ಈ ಕೈಗಾರಿಕಾ ಪ್ರದೇಶಕ್ಕೆ ಕೇಂದ್ರ ಸಂಪುಟವು 2020ರ ಡಿಸೆಂಬರ್‌ನಲ್ಲಿ ಸುಮಾರು 1,701 ಕೋಟಿ ರೂಪಾಯಿಗಳ ಅಂದಾಜು ವೆಚ್ಚಕ್ಕೆ ಒಪ್ಪಿಗೆ ನೀಡಿತು. ವಸಂತನರಸಾಪುರದಲ್ಲಿ ಯಂತ್ರೋಪಕರಣ ಪಾರ್ಕ್ ಇದೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಬಿಡಿಭಾಗ ತಯಾರಿಸಿ ಬೆಂಗಳೂರಿನ ಕಾರ್ಖಾನೆಗಳಿಗೆ ಪೂರೈಸುವವರಿಗೆ ತುಮಕೂರೇ ಸೂಕ್ತ. ಆದರೆ ಹೇಮಾವತಿ ನಾಲೆಯ ನೀರನ್ನು ನಂಬಿದ ಜಿಲ್ಲೆಯಿದು. ಹೆಚ್ಚು ನೀರು ಬೇಡುವ ಉದ್ಯಮವು ಮೊದಲು ಈ ವಿಷಯವನ್ನೇ ವಿಚಾರಿಸಬೇಕು.

ಧಾರವಾಡಕ್ಕೆ ಪಕ್ಕದಲ್ಲೇ ನೈರುತ್ಯ ರೈಲ್ವೆಯ ಕೇಂದ್ರವಾದ ಹುಬ್ಬಳ್ಳಿಯಿದೆ, ಪಶ್ಚಿಮಕ್ಕೆ ಗೋವಾ ಬಂದರಿದೆ, 2016ರಿಂದ ಐಐಟಿಯೂ ಇದೆ. ಮಹಾರಾಷ್ಟ್ರ ಮತ್ತು ಗೋವಾದ ಮಾರುಕಟ್ಟೆಯನ್ನು ನೆಚ್ಚಿದವರಿಗೆ, ಉತ್ತರ ಕರ್ನಾಟಕದ ಬೆಳೆಗಳನ್ನು ಸಂಸ್ಕರಿಸುವವರಿಗೆ ಇದು ಹತ್ತಿರದ ದಾರಿ.

ಪ್ರಾದೇಶಿಕ ಸಮತೋಲನದ ದೃಷ್ಟಿಯಿಂದ ನನ್ನ ಒಲವು ಧಾರವಾಡದ ಕಡೆಗೇ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 26 ಉತ್ತರ ಕರ್ನಾಟಕದಲ್ಲಿದ್ದವು. ಅಲ್ಲಿನ ಯುವಕರು ಕೆಲಸಕ್ಕಾಗಿ ಇಂದಿಗೂ ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ.